ದೊಡ್ಡಳಿಯನ ಆಲೂಗಡ್ಡೆ

ಆ ದಿನದ ಎಲ್ಲ ಅನಾಹುತಕ್ಕೂ ಕಾರಣ, ಅವನು ಬಾಯಿ ಮುಕ್ಕಳಿಸುವ ಮೊದಲೇ ಮಾತಾಡಿದ್ದು.

ಬೆಳಿಗ್ಗೆ ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿಟ್ಟು ಬೀನ್ಸ್ ಹೆಚ್ಚುತ್ತಿದ್ದಳು. ಆ ಕಡೆಯಿಂದ ಅತ್ತೆಯ ದನಿ. "ರಾತ್ರಿ ಊಟಕ್ಕೆ ನಾವೆಲ್ಲ ಬರ್ತೀವಲ್ಲ, ನೀನು ಜಾಸ್ತಿ ಏನೂ ಹಚ್ಕೋಬೇಡ ಕಣೇ. ಆಲೂಗಡ್ಡೆ ಹೇಗೂ ದೊಡ್ಡಳಿಯಂದಿರು ತರ್ತಾರೆ. ಅವರ ಕೈಲಿ ಆದ ಹಾಗೆ ಇನ್ಯಾರ ಕೈಲೂ ಆಗಲ್ಲ ಬಿಡು."

ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ ಚಿಕ್ಕಳಿಯನಿಗೆ ಬ್ರಷ್ಷು ದವಡೆಯಲ್ಲೇ ನಿಂತಿತು. ಆ ಮನೆಗೆ ಅಳಿಯನಾಗಿ ಬಂದಾಗಿನಿಂದ ಕೇಳುತ್ತ ಬಂದ ಮಾತು ಇದು. ಏನಂತೆ ಆ ಆಲೂಗಡ್ಡೆ? ಬೇಯಿಸಿದ ಪುಟ್ಟ ಗಡ್ಡೆ, ಬೆಣ್ಣೆ, ಬೆಳ್ಳುಳ್ಳಿ, ಮೇಲೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಅಷ್ಟಕ್ಕೇ ಅವನ ಷಡ್ಡಕ, ಡ್ರೈವಿಂಗ್ ಶಾಲೆ ನಡೆಸುವ ಆ ಮನುಷ್ಯ, ಪ್ರತಿ ಭಾನುವಾರ ಅತ್ತೆಮನೆಯ ಊಟದ ಮೇಜಿನ ತುದಿಯಲ್ಲಿ ಪದಕ ಗೆದ್ದು ಬಂದವನ ಹಾಗೆ ಕೂರುತ್ತಿದ್ದ. ಅತ್ತೆಯ ಕನ್ನಡಕವನ್ನು ಎಷ್ಟು ಸಲ ಸರಿಮಾಡಿಕೊಟ್ಟರೂ ಚಿಕ್ಕಳಿಯನಿಗೆ ಸಿಕ್ಕಿದ್ದು "ಹಾಂ, ಅಲ್ಲಿಡಿ" ಅಷ್ಟೇ.

ಬಾಯ್ತುಂಬ ನೊರೆ ಇಟ್ಟುಕೊಂಡೇ ಅವನು ಅಡುಗೆಮನೆಗೆ ಓಡಿಬಂದ. "ಅತ್ತೆ, ಇವತ್ತು ಆಲೂಗಡ್ಡೆ ನನ್ನದು!"

ನೊರೆ ಬೀನ್ಸಿನ ಮೇಲೂ ಫೋನಿನ ಮೇಲೂ ಸಮನಾಗಿ ಹಾರಿತು. "ನೀವಾ?" ಎಂದರು ಆ ಕಡೆಯಿಂದ ಅತ್ತೆ.

ಅವಮಾನ ಮಾಡುವುದಕ್ಕೆ ಎರಡಕ್ಷರ ಸಾಕು ಎಂದು ಅವನಿಗೆ ಆಗಲೇ ಗೊತ್ತಾದದ್ದು.

"ರೀ, ಯೋಚನೆ ಮಾಡಿ ಹೇಳಿದ್ರಾ?" ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು.

"ಯೋಚನೆ ಮಾಡೋಕೇನಿದೆ? ಆಲೂಗಡ್ಡೆ ಕಣೇ, ಆಪರೇಷನ್ ಅಲ್ಲ."

"ಸರಿ. ಬೀನ್ಸು, ಸೂಪು ಈಗಲೇ ಮಾಡಿಟ್ಟು ಹೋಗ್ತೀನಿ. ಸಂಜೆ ಅಮ್ಮನ ಮನೆಗೆ ಹೋಗಿ ಅವರ ಜೊತೇಲೇ ಬರ್ತೀನಿ. ನಿಮ್ಮ ಆಲೂಗಡ್ಡೆ ನಾನು ಮುಟ್ಟಲ್ಲ. ಕೆಟ್ಟಿತು ಅನ್ನಿ, ಅಮ್ಮ ಸಾಯೋತನಕ ಇದನ್ನೇ ಹೇಳ್ತಾಳೆ."

"ಕೆಡದಿದ್ರೆ?"

"ಕೆಡದಿದ್ರೆ ನಮ್ಮನೇಲಿ ಇನ್ನೊಬ್ಬ ಅಳಿಯನೂ ಇದ್ದಾನೆ ಅಂತ ಎಲ್ಲರಿಗೂ ನೆನಪಾಗುತ್ತೆ."

ಅಷ್ಟೇ ಸಾಕಾಗಿತ್ತು ಅವನಿಗೆ.

ಚಿಕ್ಕಳಿಯನ ಕೆಲಸ ಒಂದು ಕನ್ನಡಕದಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಸವೆಸಿ ಫ್ರೇಮಿಗೆ ಕೂರಿಸುವುದು. ಹೋಗುವ ದಾರಿಯಲ್ಲೇ ಒಂದು ಚೀಲ ಆಲೂಗಡ್ಡೆ, ಒಂದು ಕಟ್ಟು ಸೊಪ್ಪು ಕೊಂಡ. ಅಂಗಡಿಯ ಗಲ್ಲಾದಲ್ಲಿ ಕೂರುವ ಹೆಂಗಸು ಸೊಪ್ಪನ್ನು ಮೂಗಿಗೆ ಹಿಡಿದು ನೋಡಿದಳು.

"ಏನಿದು?"

"ಸಬ್ಬಸಿಗೆ."

"ಊರಿಗೆಲ್ಲ ಕನ್ನಡಕ ಹಾಕ್ತೀರ, ನೀವೊಂದು ಹಾಕ್ಕೋಬಾರದಾ? ಇದು ಕ್ಯಾರೆಟ್ಟಿನ ಜುಟ್ಟು ಮಾರಾಯ್ರೇ!"

ಅವನು ಮತ್ತೆ ಓಡಿದ. ಈ ಸಲ ಮೂಸಿ, ಮಾರುವವಳಿಗೂ ಮೂಸಲು ಹೇಳಿ, ನಿಜವಾದ ಸಬ್ಬಸಿಗೆಯನ್ನೇ ತಂದ. ಅವಳು ಆಗಷ್ಟೇ ನೀರು ಚಿಮುಕಿಸಿದ್ದ ಸೊಪ್ಪು ಕಾಗದದೊಳಗಿಂದ ತೊಟತೊಟ ಸುರಿಯುತ್ತಿತ್ತು. ಕಣ್ಣು ಪರೀಕ್ಷೆ ಮಾಡುವ ಡಾಕ್ಟರು ಗಿರಾಕಿಯನ್ನು ಕತ್ತಲೆಕೋಣೆಯಲ್ಲಿ ಕೂರಿಸಿ ಹೊರಗೆ ಬಂದರು.

"ಒದ್ದೆ ಸೊಪ್ಪು ಬೆಣ್ಣೆಗೆ ಬಿತ್ತೋ, ಸಿಡಿದು ಕಣ್ಣಿಗೆ ಬೀಳುತ್ತೆ. ಆಮೇಲೆ ನನ್ನ ಹತ್ರಾನೇ ಬರ್ಬೇಕು. ಮೊದಲು ಒಣಗಿಸಯ್ಯ."

"ಎಲ್ಲಿ ಒಣಗಿಸಲಿ ಸಾರ್, ಇಲ್ಲಿ ಬಿಸಿಲೇ ಬರಲ್ಲ."

ಮೂವರ ಕಣ್ಣೂ ಒಟ್ಟಿಗೇ ಮೂಲೆಗೆ ಹೋಯಿತು. ಅಲ್ಲಿ ಫ್ರೇಮ್ ಬಿಸಿ ಮಾಡುವ ಪೆಟ್ಟಿಗೆ ಇತ್ತು. ಬಿಸಿಗಾಳಿ ಊದುವ ಯಂತ್ರ ಅದು. ಸೊಟ್ಟಗಾದ ಪ್ಲಾಸ್ಟಿಕ್ ಫ್ರೇಮನ್ನು ಅದರೊಳಗೆ ಹಿಡಿದರೆ ಮೆತ್ತಗಾಗಿ, ಬೇಕಾದ ಹಾಗೆ ಬಾಗುತ್ತದೆ. ಸೊಪ್ಪನ್ನು ಅದರೊಳಗೆ ಹರಡುವಾಗ ಚಿಕ್ಕಳಿಯನಿಗೆ ತನ್ನ ಬುದ್ಧಿವಂತಿಕೆಯ ಮೇಲೆ ಪ್ರೀತಿಯೇ ಉಕ್ಕಿತು. ಅಷ್ಟರಲ್ಲಿ ಮಾಲೀಕರು ಕೂಗಿದರು. ಹೋದ. ಮರಳಿ ಬರುವಷ್ಟರಲ್ಲಿ ಗಲ್ಲಾದ ಹೆಂಗಸು ಯಾರೋ ಅಜ್ಜಿಯ ಕನ್ನಡಕವನ್ನು ಅದೇ ಪೆಟ್ಟಿಗೆಯಲ್ಲಿ ಕಾಯಿಸಿ, ಬಗ್ಗಿಸಿ, ಅಜ್ಜಿಯ ಮೂಗಿಗೆ ಏರಿಸಿಯಾಗಿತ್ತು.

ಅಜ್ಜಿ ಕನ್ನಡಿಯಲ್ಲಿ ನೋಡಿಕೊಂಡರು. ಎರಡು ಸಲ ಉಸಿರೆಳೆದರು. "ಕಾಣೋದು ಚೆನ್ನಾಗೇ ಕಾಣುತ್ತೆ. ಆದ್ರೆ ಯಾಕೆ ಹಸಿವಾಗ್ತಿದೆ?"

ಎಡಗಡೆ ಗಾಜಿನ ಅಂಚಿಗೆ ಹಸಿರು ಎಳೆಯೊಂದು ಹುಬ್ಬಿನ ಹಾಗೆ ಅಂಟಿಕೊಂಡಿತ್ತು. ಪೆಟ್ಟಿಗೆಯೊಳಗೆ ಉಳಿದ ಸೊಪ್ಪು ನಶ್ಯದಂತೆ ಪುಡಿಯಾಗಿತ್ತು. ಫ್ಯಾನು ಅದನ್ನು ಅಂಗಡಿ ತುಂಬ ಊದುತ್ತಿತ್ತು. ಮಾಲೀಕರು ಸೀನಿದರು, ಡಾಕ್ಟರು ಸೀನಿದರು, ಕತ್ತಲೆಕೋಣೆಯಲ್ಲಿ ಮರೆತುಹೋಗಿದ್ದ ಗಿರಾಕಿಯೂ ಸೀನಿದ.

"ನಿನಗೆ ಅರ್ಧ ದಿನ ರಜ ಬೇಕು ಅಂದಿದ್ಯಲ್ಲ," ಎಂದರು ಮಾಲೀಕರು ಕರವಸ್ತ್ರದೊಳಗಿಂದ. "ತಗೋ. ಈಗಲೇ ಹೋಗು. ದಯವಿಟ್ಟು ಹೋಗು."

ಇನ್ನೊಂದು ಕಟ್ಟು ಸಬ್ಬಸಿಗೆ ಕೊಂಡು ಅವನು ಮನೆ ಸೇರಿದ. ಬಾಗಿಲು ಹಾಕಿಕೊಂಡೇ ಶುರುಮಾಡಬೇಕಿತ್ತು, ಸೆಖೆಯೆಂದು ತೆರೆದಿಟ್ಟ. ಮೇಲಿನ ಮನೆಯ ನಿವೃತ್ತ ಟಿಕೆಟ್ ತಪಾಸಕರಿಗೆ, ಅಂದರೆ ಬೀದಿಯವರ ಬಾಯಲ್ಲಿ ಟೀಸಿ ಮಾಮನಿಗೆ, ಅಷ್ಟು ಸಂದು ಸಾಕು.

"ಎಲ್ಲಿ, ತೋರಿಸಿ," ಎಂದು ಟೀಸಿ ಮಾಮ ಕೈಚಾಚಿಕೊಂಡೇ ಒಳಗೆ ಬಂದರು. ಪಾತ್ರೆಯ ಮುಚ್ಚಳ ಎತ್ತಿ, ಒಳಗೆ ಬೇಯುತ್ತಿದ್ದ ಗಡ್ಡೆಗಳನ್ನು ಟಿಕೆಟ್ಟಿಲ್ಲದವರನ್ನು ನೋಡುವ ಹಾಗೆ ನೋಡಿದರು. "ಇನ್ನೂ ಬೇಯ್ಬೇಕು."

"ಚಾಕು ಚುಚ್ಚಿದ್ರೆ ಇಳೀತಿದೆಯಲ್ಲ ಮಾಮ."

"ನಾನು ಹೇಳೋದು ಕೇಳಿ. ಆಲೂಗಡ್ಡೆ ಅಂದ್ರೆ ಬಾಯಲ್ಲಿ ಕರಗಬೇಕು."

ಬಾಯಿಯವರೆಗೂ ಬರಲಿಲ್ಲ, ಪಾತ್ರೆಯಲ್ಲೇ ಕರಗಿತು. ನೀರು ಬಸಿದಾಗ ಜರಡಿಯಲ್ಲಿ ಉಳಿದದ್ದು ಸಿಪ್ಪೆ. ಮಿಕ್ಕದ್ದೆಲ್ಲ ಗೋಡೆಗೆ ಪೋಸ್ಟರು ಅಂಟಿಸುವ ಮೈದಾ ಅಂಟಿನ ಹಾಗೆ ಸಿಂಕಿನಲ್ಲಿ ಜಾರಿಹೋಯಿತು.

ಎರಡನೆಯ ಸಲ ಅವನು ಟೀಸಿ ಮಾಮನ ಮಾತು ಕೇಳದೆ ಸರಿಯಾದ ಹೊತ್ತಿಗೆ ಇಳಿಸಿದ. ಅದಕ್ಕೆ ಅವರಿಗೆ ಬೇಜಾರಾಯಿತು. ಆ ಬೇಜಾರು ಸರಿಮಾಡಲಿಕ್ಕೆಂದು ಬೆಳ್ಳುಳ್ಳಿ ವಿಷಯದಲ್ಲಿ ಅವರ ಮಾತು ಕೇಳಿದ.

"ಮೊದಲೇ ಹಾಕಿ. ಬೆಣ್ಣೆ ಜೊತೇಲೇ. ಚೆನ್ನಾಗಿ ಕೆಂಪಗಾಗಲಿ."

ಬೆಳ್ಳುಳ್ಳಿ ಕೆಂಪಗಾಯಿತು. ಗಡ್ಡೆ ಕೆಂಪಾಗುವುದನ್ನು ಕಾಯುವಷ್ಟರಲ್ಲಿ ಬೆಳ್ಳುಳ್ಳಿ ಕಪ್ಪಗಾಯಿತು. ಸೊಪ್ಪನ್ನೂ ಅದೇ ಬೆಂಕಿಗೆ ಸುರಿದ. ಅದು ಚಿಟಪಟ ಎಂದು ಹುಲ್ಲು ಸುಟ್ಟ ವಾಸನೆ ಹೊಡೆಯಿತು. ಹೊಗೆ ಮೆಟ್ಟಿಲಿಳಿದು ಬೀದಿಗೆ ಹೋಯಿತು. ಎದುರುಮನೆಯವರು "ಬೆಂಕಿ ಬಿದ್ದಿದ್ಯಾ?" ಎಂದು ಕೂಗಿದರೆ ಟೀಸಿ ಮಾಮ ಕಿಟಕಿಯಿಂದ "ಇಲ್ಲ, ಅಡುಗೆ!" ಎಂದು ಕೂಗಿ ಹೇಳಿ, ಕೆಮ್ಮುತ್ತ ತಮ್ಮ ಮನೆಗೆ ಹತ್ತಿಹೋದರು.

ಚೀಲದಲ್ಲಿ ಇನ್ನೂ ಗಡ್ಡೆ ಇತ್ತು. ಸೊಪ್ಪೂ ಅರ್ಧ ಕಟ್ಟು ಇತ್ತು. ಇಲ್ಲದ್ದು ಹೊತ್ತು. ಕಿಟಕಿಯಾಚೆ ದೀಪ ಹತ್ತುತ್ತಿದ್ದವು, ಅತ್ತೆ ಈಗ ಚಪ್ಪಲಿ ಹುಡುಕುತ್ತಿರುತ್ತಾರೆ. ಚಿಕ್ಕಳಿಯ ಅಡುಗೆಮನೆಯಲ್ಲಿ ಎರಡು ಸುತ್ತು ತಿರುಗಿದ. ಆಮೇಲೆ ಡಬ್ಬಿಯೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಸ್ ಡಿಪೋ ಪಕ್ಕದ ಕ್ಯಾಂಟೀನಿಗೆ ಓಡಿದ. ಅಲ್ಲಿ ಇಂಥದ್ದೊಂದು ಆಲೂಗಡ್ಡೆ ಮಾಡುತ್ತಾರೆಂದು ಡಾಕ್ಟರು ಯಾವಾಗಲೋ ಹೇಳಿದ್ದರು. ಮುಂಬಾಗಿಲಲ್ಲಿ ಯಾರಾದರೂ ನೋಡಿಬಿಟ್ಟರೆ? ಹಿಂಬಾಗಿಲಿಗೇ ಹೋದ.

ಹಿಂಬಾಗಿಲಲ್ಲಿ ಆಗಲೇ ಒಬ್ಬ ನಿಂತಿದ್ದ. ಕೈಯಲ್ಲಿ ಡಬ್ಬಿ. ಕತ್ತು ಹೆಗಲಿನೊಳಗೆ ಹೂತುಹೋಗಿತ್ತು.

"ಏನ್ ಸಾರ್, ಇವತ್ತೇನು ಭಾನುವಾರ ಅಲ್ವಲ್ಲ!" ಒಳಗಿಂದ ಕ್ಯಾಂಟೀನಿನ ಅಕ್ಕ ಅವನಿಗೆ ಹೇಳುತ್ತಿದ್ದಳು. "ಎಂದಿನ ಹಾಗೇ ತಾನೇ? ಸೊಪ್ಪು ಜಾಸ್ತಿ?"

ಆ ಮನುಷ್ಯ ತಿರುಗಿದ. ಷಡ್ಡಕ.

ಇಬ್ಬರೂ ಒಬ್ಬರ ಡಬ್ಬಿಯನ್ನೊಬ್ಬರು ನೋಡಿದರು.

"ಭಾವ... ಎಲ್ಲಾ ಭಾನುವಾರಾನೂ?"

"ಮೆಲ್ಲಗೆ ಮಾತಾಡಯ್ಯ!" ದೊಡ್ಡಳಿಯನ ಹಣೆಯಲ್ಲಿ ಬೆವರು. "ಒಂದು ಸಲ ತಂದೆ. ನೀವೇ ಮಾಡಿದ್ರಾ ಅಂದ್ರು ಅತ್ತೆ. ಹೂಂ ಅಂದೆ. ಆಮೇಲೆ ಬ್ರೇಕೇ ಸಿಗ್ಲಿಲ್ಲ."

"ಇವತ್ತು ನಾನು ಮಾಡ್ತೀನಿ ಅಂದಿದ್ನಲ್ಲ."

"ನೀನು ಕೆಡಿಸ್ತೀಯ ಅಂತ ಅತ್ತೆಗೆ ಖಾತ್ರಿ. ಗುಟ್ಟಾಗಿ ಫೋನ್ ಮಾಡಿ, ಒಂದು ಡಬ್ಬಿ ಕಾರಲ್ಲಿ ಇಟ್ಕೊಂಡಿರಿ ಅಂದ್ರು."

ಅಕ್ಕ ಬಾಣಲೆ ಕೆರೆಯುತ್ತ ಹೇಳಿದಳು, "ಒಂದೇ ಡಬ್ಬಿಗೆ ಆಗೋವಷ್ಟಿದೆ. ಯಾರಿಗೆ ಹಾಕ್ಲಿ?"

ದೊಡ್ಡಳಿಯ ತನ್ನ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡ. "ಇವನಿಗೇ ಹಾಕಮ್ಮ. ನೋಡಯ್ಯ, ನಿನ್ನದು ಮೇಜಿನ ಮೇಲಿದ್ರೆ ನನ್ನದು ಬೇಕಾಗೋದೇ ಇಲ್ಲ. ನೀನು ನನ್ನ ವಿಷಯ ಬಾಯಿ ಬಿಡಬೇಡ, ನಾನು ನಿನ್ನದು ಬಿಡಲ್ಲ."

ಇಬ್ಬರೂ ಕೈ ಕುಲುಕಿದರು. ಚಿಕ್ಕಳಿಯ ಗಾಳಿಯಂತೆ ಮನೆಗೆ ಬಂದು, ಸುಟ್ಟ ಬಾಣಲೆಯನ್ನು ಮಂಚದ ಕೆಳಗೆ ತಳ್ಳಿ, ಡಬ್ಬಿಯದ್ದನ್ನು ಬಟ್ಟಲಿಗೆ ಸುರಿದು, ಮೇಲೊಂದು ಚಮಚ ಇಡುವ ಹೊತ್ತಿಗೆ ಕರೆಗಂಟೆ ಹೊಡೆದುಕೊಂಡಿತು.

ಊಟಕ್ಕೆ ಕೂತರು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಅತ್ತೆ ಒಂದು ಹೋಳು ಬಾಯಿಗಿಟ್ಟು ಅಗಿದರು. ಚಿಕ್ಕಳಿಯನ ಜೀವ ಅವರ ದವಡೆಯ ಜೊತೆಗೇ ಮೇಲೆ ಕೆಳಗೆ ಆಡಿತು.

"ಅರೆ!" ಎಂದರು ಅತ್ತೆ. "ಚೆನ್ನಾಗಿದೆ!"

ಅವನ ಎದೆ ಒಂದು ಗೇಣು ಉಬ್ಬಿತು. ಹೆಂಡತಿ ಹೆಮ್ಮೆಯಿಂದ ಅವನತ್ತ ನೋಡಿದಳು. ಮದುವೆಯಾದಾಗಿನಿಂದ ಅವಳು ಹಾಗೆ ನೋಡಿದ್ದು ನೆನಪಿರಲಿಲ್ಲ.

"ಥೇಟ್ ದೊಡ್ಡಳಿಯಂದಿರ ಕೈ!" ಅತ್ತೆ ಮುಂದುವರಿಸಿದರು. "ಉಪ್ಪೂ ಅದೇ, ಸೊಪ್ಪೂ ಅದೇ. ಏನ್ರೀ, ಇವರಿಗೆ ಕಲಿಸಿಕೊಟ್ರಾ? ಗುಟ್ಟಾಗಿ? ನೋಡೇ, ನಿನ್ನ ಭಾವನ ಮನಸ್ಸು ಎಷ್ಟು ದೊಡ್ಡದು!"

ಹೆಂಡತಿಯ ಹೆಮ್ಮೆ ಮೇಜಿನ ಮೇಲೇ ಜರುಗಿ ಷಡ್ಡಕನ ಕಡೆ ಹೋಯಿತು. ಚಿಕ್ಕಳಿಯ ಬಾಯಿ ತೆರೆದ. ಷಡ್ಡಕ ಮೇಜಿನಡಿಯಲ್ಲಿ ಅವನ ಕಾಲು ತುಳಿದ.

ಬಟ್ಟಲು ಬೇಗ ಖಾಲಿಯಾಯಿತು. "ಗುರು ಶಿಷ್ಯರು ಇಬ್ಬರೂ ಇಲ್ಲೇ ಇದೀರಲ್ಲ, ಚೀಲದಲ್ಲಿ ಗಡ್ಡೆನೂ ಇದೆ. ಎದ್ದು ಇನ್ನೊಂದು ಬಟ್ಟಲು ಮಾಡ್ಕೊಂಡು ಬನ್ನಿ. ಅಲ್ಲೀವರೆಗೂ ಸೂಪು ಕುಡೀತಿರ್ತೀವಿ," ಎಂದರು ಅತ್ತೆ.

ಅಡುಗೆಮನೆಯ ಬಾಗಿಲು ಮುಚ್ಚಿದ ಕೂಡಲೇ ದೊಡ್ಡಳಿಯ ಗೋಡೆಗೆ ಒರಗಿದ. "ಇದನ್ನ ಸುಲಿದು ಬೇಯಿಸ್ತಾರಾ, ಬೇಯಿಸಿ ಸುಲೀತಾರಾ?"

"ನೀವು ಪಕ್ಕಕ್ಕೆ ನಿಂತ್ಕೊಳ್ಳಿ ಭಾವ."

ಆ ದಿನ ಕೆಟ್ಟದ್ದೆಲ್ಲ ಅವನ ಕೈಗೆ ಗೊತ್ತಿತ್ತು. ಚಾಕು ಸಲೀಸಾಗಿ ಇಳಿದದ್ದೇ ತಡ ಗಡ್ಡೆಗಳನ್ನು ಬಸಿದ. ಬಟ್ಟೆಯಲ್ಲಿ ಒತ್ತಿ ಪಸೆ ತೆಗೆದ. ಬೆಣ್ಣೆಯಲ್ಲಿ ಒಂದು ಮಗ್ಗುಲು ಕೆಂಪಾದ ಮೇಲೆ ತಿರುವಿದ, ಬೆಳ್ಳುಳ್ಳಿಯನ್ನು ಕೊನೆಗೆ ಹಾಕಿದ, ಒಲೆ ಆರಿಸಿ ಸೊಪ್ಪು ಉದುರಿಸಿದ. ದೊಡ್ಡಳಿಯ ಕಾರಿನೊಳಗೆ ಕೂತ ಅಭ್ಯಾಸದಿಂದ "ನಿಧಾನ, ನಿಧಾನ, ಈಗ ತಿರುಗಿಸು" ಎನ್ನುತ್ತಿದ್ದ. ಅದು ಹೊರಗಿನವರಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಬಟ್ಟಲು ಮೇಜಿಗೆ ಬಂತು. ಅತ್ತೆ ಒಂದು ಹೋಳು ತಿಂದರು. ಇನ್ನೊಂದು ತಿಂದರು. ಕಣ್ಣು ಮುಚ್ಚಿದರು.

"ನೋಡಿದ್ಯಾ," ಎಂದರು ಮಗಳಿಗೆ. "ಆಗಿನದು ಶಿಷ್ಯಂದು. ತಿನ್ನೋ ಹಾಗಿತ್ತು, ಇಲ್ಲ ಅನ್ನಲ್ಲ. ಇದು ಗುರುವಿನ ಕೈ! ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವರೂ ಮಾಡಿರಲಿಲ್ಲ."

"ಹೌದಮ್ಮ," ಎಂದಳು ಹೆಂಡತಿ. "ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತೆ."

ದೊಡ್ಡಳಿಯನ ಮುಖ ಕೆಂಪಾಯಿತು. ಆ ಹೊತ್ತಿಗೆ ಅವನಿಗೂ ಪಾಪ, ನಿಜ ಹೇಳಬೇಕೆನಿಸಿರಬೇಕು. "ಇಲ್ಲ ಅತ್ತೆ, ಸತ್ಯವಾಗ್ಲೂ. ನಾನು ಸುಮ್ಮನೆ ನಿಂತಿದ್ದೆ ಅಷ್ಟೇ. ಎಲ್ಲಾ ಮಾಡಿದ್ದು ಇವನೇ."

ಅತ್ತೆ ಚಮಚ ಕೆಳಗಿಟ್ಟರು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ಎಂಥಾ ಮನುಷ್ಯ ರೀ ನೀವು," ಎಂದರು. "ಹೊಗಳಿಕೆನೂ ಪಕ್ಕದವರ ಎಲೆಗೆ ಬಡಿಸ್ತೀರಲ್ಲ." ಆಮೇಲೆ ಚಿಕ್ಕಳಿಯನ ಕಡೆ ತಿರುಗಿ, ಸ್ವಲ್ಪ ಗಡುಸಾಗಿ, "ಇದನ್ನ ನೋಡಿ ಕಲೀಬೇಕು," ಎಂದರು.

ಚಿಕ್ಕಳಿಯನ ಬಾಯಿ ಆಗಲೇ ತೆರೆದಿತ್ತು. ಎರಡನೆಯದು ತನ್ನದು ಎನ್ನಬೇಕಾದರೆ ಮೊದಲನೆಯದು ಯಾರದು ಎಂದು ಹೇಳಬೇಕಾಗುತ್ತದೆ. ಸುಮ್ಮನೆ ಮುಚ್ಚಿಕೊಂಡರೂ ಚೆನ್ನಾಗಿರುವುದಿಲ್ಲವೆಂದು ಒಂದು ಆಲೂಗಡ್ಡೆ ಹಾಕಿಕೊಂಡ. ಅಗಿದ. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಬಹಳ ಚೆನ್ನಾಗಿತ್ತು.