ಮಷೀನಿಗೆ ನಾನಿಟ್ಟ ಹೆಸರು

ತಪ್ಪು ಒಪ್ಪಿಕೊಳ್ಳುವುದು ಬೇರೆ, ಸೋಲು ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದನ್ನು ಈಗ ಮಾಡುತ್ತೇನೆ. ಎರಡನೆಯದನ್ನು ನನ್ನಿಂದ ಮಾಡಿಸಲು ಹೆಂಡತಿ ಮದುವೆಯಾದಂದಿನಿಂದ ಹೆಣಗುತ್ತಿದ್ದಾಳೆ. ಅವಳ ಕೈಲೇ ಆಗದ್ದು ಹೈದರಾಬಾದಿನ ಒಂದು ಮಷೀನಿನ ಕೈಲಿ ಆದೀತೆ?

ನಾನು ಹೈಸ್ಕೂಲು ಓದಿದವನು, ಹೆಸರು ವೀರಭದ್ರಪ್ಪ. ಜಹೀರಾಬಾದಿನ ತೊಗರಿ ಗೋದಾಮಿನಲ್ಲಿ ದಾಸ್ತಾನಿನ ಗುಮಾಸ್ತನಾಗಿದ್ದೆ. ನಾರಾಯಣಖೇಡ, ತಾಂಡೂರಿನ ಗೋದಾಮುಗಳ ಲೆಕ್ಕವೂ ನನ್ನದೇ. ಪ್ರತ್ಯೇಕ ರಾಜ್ಯದ ಹೋರಾಟ ಕಾವೇರಿದ್ದ ಕಾಲ. ಇವತ್ತು ಬಂದ್, ನಾಳೆ ರಾಸ್ತಾ ರೋಕೋ. ಲೆಕ್ಕ ಕೇಳಲು ಹೈದರಾಬಾದಿನಿಂದ ಗೋದಾಮುಗಳ ಒಡೆಯರಾದ ಸಾಹುಕಾರರು ಫೋನು ಮಾಡಿದರೆ ನಾನು ಚೌರಸ್ತೆಯ ಟೆಂಟಿನಲ್ಲಿ ಸರದಿ ಉಪವಾಸ ಕೂತಿರುತ್ತಿದ್ದೆ. ಮನೆಯಲ್ಲಿ ರೊಟ್ಟಿ ತಿಂದು ಹೋಗಿ, ಸಂಜೆ ನಿಂಬೆರಸ ಕುಡಿದು ಮುಗಿಸುವ ಉಪವಾಸ, ಆದರೂ ಉಪವಾಸವೇ. ಬೇಸತ್ತ ಸಾಹುಕಾರರು ಹೊಸ ವ್ಯವಸ್ಥೆ ಮಾಡಿಸಿದರು. ಹೈದರಾಬಾದಿನ ಒಂದು ಸಾಫ್ಟ್‌ವೇರು ತಾನೇ ಮೂರೂರಿನ ಕಂಪ್ಯೂಟರುಗಳ ಒಳಹೊಕ್ಕು, ದಾಸ್ತಾನು ತಂದು ಒಂದೇ ಪರದೆಯ ಮೇಲೆ ತೋರಿಸುವುದಂತೆ.

ಬಂದ್ ಇದ್ದದ್ದರಿಂದ ಇಂಜಿನಿಯರಿಗೆ ಬರಲಾಗಲಿಲ್ಲ. ಬೀದರ್ ಕಡೆಯ ತರುಣ, ಹೆಸರು ಶ್ರೀನಿವಾಸ. ಫೋನಿನಲ್ಲೇ ನನಗೆ ಪಾಠ ಹೇಳಿದ. ಪಾಸ್‌ವರ್ಡು ಮನುಷ್ಯರಿಗಂತೆ, ಮಷೀನಿಗೆ ಟೋಕನ್ ಅಂತೆ. ಮೊದಲು ಮಷೀನಿಗೊಂದು ಬೇರೆ ಖಾತೆ ತೆರೆಯಬೇಕು, ಅದಕ್ಕೆ ದಾಸ್ತಾನು ನೋಡುವಷ್ಟೇ ಅಧಿಕಾರ ಕೊಡಬೇಕು, ಆಮೇಲೆ ಆ ಖಾತೆಯಲ್ಲಿ ಟೋಕನ್ ಮಾಡಬೇಕು. ಅಕ್ಷರ, ಅಂಕಿ ಬೆರೆತ ಉದ್ದನೆಯ ಸಾಲೊಂದು ಬರುತ್ತದೆ. ಅದು ಒಂದೇ ಸಲ ಕಾಣುವುದು. ಪುಟ ಮುಚ್ಚಿದರೆ ಮಾಡಿದವನಿಗೂ ಮತ್ತೆ ಕಾಣದು. ಹೀಗೆ ಒಮ್ಮೆ ಮುಖ ತೋರಿಸಿ ಒಳಗೆ ಹೋದವಳು ನಾನು ಕಂಡಂತೆ ಒಬ್ಬಳೇ, ಹೆಣ್ಣು ನೋಡಲು ಕಲ್ಹೇರಿಗೆ ಹೋದಾಗ ನನ್ನ ಹೆಂಡತಿ.

ಖಾತೆ ಮಾತ್ರ ಯಾವ ಮನುಷ್ಯನ ಹೆಸರಲ್ಲೂ ಬೇಡ, ಮನುಷ್ಯರು ಕೆಲಸ ಬಿಟ್ಟು ಹೋಗುತ್ತಾರೆ ಎಂದು ಶ್ರೀನಿವಾಸ ಒತ್ತಿ ಹೇಳಿದ. ನನ್ನನ್ನು ಕೆಣಕಿದಂತಾಯಿತು. ನಮ್ಮಲ್ಲಿ ಹೊಸ ಹಮಾಲ ಬಂದರೂ ಯಾರ ಕಡೆಯವನೆಂದು ಕೇಳದೆ ಬಾಗಿಲು ದಾಟಿಸುವುದಿಲ್ಲ.

“ನಮ್ದು ನಮಗ ಬೇಕಂತ ಚೌರಸ್ತಾದಾಗ ಕುಂತೀವಪ್ಪಾ,” ಎಂದೆ. “ಹೆಸರಿಲ್ದಾಂವ ಬಂದು ನನ್ನ ಗೋದಾಮಿನ ಲೆಕ್ಕ ಹೈದರಾಬಾದಿಗಿ ಒಯ್ತೀನಂದ್ರ ಬಿಡ್ತೀನೇನು?”

ಅವನು ನಕ್ಕು, ಹೇಳಿದಷ್ಟು ಮಾಡ್ರಿ ಅಂಕಲ್ ಎಂದ. ಆತು ಎಂದೆ. ಮೂರೂರಿನ ಟೋಕನ್‌ಗಳನ್ನೂ ನನ್ನ ಸ್ವಂತ ಖಾತೆಯಲ್ಲೇ ಮಾಡಿ ಅವನಿಗೆ ಕಳಿಸಿದೆ. ಮಷೀನು ವೀರಭದ್ರಪ್ಪನ ಕಡೆಯದೆಂದು ಎಲ್ಲರಿಗೂ ತಿಳಿಯಲಿ.

ಕೆಲಸ ಸೊಗಸಾಗಿ ನಡೆಯಿತು. ನಾನು ಟೆಂಟಿನಲ್ಲಿ ಉಪವಾಸವಿದ್ದರೂ ತಾಂಡೂರಿನ ಕಂಪ್ಯೂಟರಿನಲ್ಲಿ ವೀರಭದ್ರಪ್ಪ ಬಂದು ಹೋದನೆಂದು ದಾಖಲಾಗುತ್ತಿತ್ತು. ಮುಷ್ಕರದಲ್ಲೂ ಇದ್ದು ಹಾಜರಿಯಲ್ಲೂ ಇದ್ದ ನೌಕರ ಇಡೀ ಹೋರಾಟದಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಮನೆಯಲ್ಲಿ ಮಾತ್ರ ಕೊಚ್ಚಿಕೊಂಡೆ.

ಮುಂದೆ ನಿವೃತ್ತನಾದೆ. ಸಾಹುಕಾರರು ಶಾಲು ಹೊದಿಸಿದರು. ನಿಯಮದಂತೆ ನನ್ನ ಖಾತೆ ಮುಚ್ಚಿದರು. ನನ್ನ ಕುರ್ಚಿಗೆ ನಾರಾಯಣಖೇಡದಿಂದ ಸುವರ್ಣಾ ಬಂದಳು. ಗಂಡನಿಲ್ಲದ ಮನೆ ಅವಳ ಸಂಬಳದಲ್ಲೇ ನಡೆಯಬೇಕು. ಎರಡನೆಯ ಸಂಜೆಯೇ ನಮ್ಮ ಮನೆಗೆ ಬಂದು ಕೂತಳು.

“ಕಾಕಾ, ಗೋದಾಮಿನಾಗ ಚೀಲ ಮ್ಯಾಲ ಛತ್ತಿಗಿ ಮುಟ್ಯಾವ್ರಿ. ಹೈದರಾಬಾದಿನಾಗ ಮೂರೂರಿಂದೂ ಸೊನ್ನಿ ಕಾಣಸ್ತದಂತ. ನಿನಗ ಕೆಲಸ ಬರಂಗಿಲ್ಲ, ನಾಳಿಂದ ಬರಬ್ಯಾಡ ಅಂದಾರ. ನಾ ಏನ್ ಮಾಡೀನ್ರಿ?”

ಅವಳೇನೂ ಮಾಡಿರಲಿಲ್ಲ; ಖಾತೆ ಮುಚ್ಚಿದಾಗ ನನ್ನ ಟೋಕನ್‌ಗಳೂ ಸತ್ತಿದ್ದವು. ಖಾತೆ ಯಾರ ಹೆಸರಲ್ಲೂ ಇಲ್ಲವೆಂದು ನಂಬಿದ್ದ ಶ್ರೀನಿವಾಸನೂ ಬೇರೆಲ್ಲೋ ಹುಡುಕುತ್ತಿದ್ದ. ನಾನು ಚಹಾ ಕುಡಿ ಎಂದೆ. ಕುಡಿದ ಮೇಲೆ ಇನ್ನೊಂದು ಕಪ್ಪು ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ನನ್ನ ಚಹಾದ ಅರ್ಥ ತಿಳಿಯಿತು.

“ಬದುಕಿದ್ದೋರ ಹೆಸರು ಮಮ್ಮಗಗ ಇಡಬಾರದಂತ ನನ್ನ ಬಾಯಿ ಮುಚ್ಚಿಸಿದ್ರಿ,” ಎಂದಳು. “ಮಷೀನಿಗಿ ನಿಮ್ಮ ಹೆಸರು ಹೆಂಗ ಇಟ್ರಿ?”

ಸುವರ್ಣಾ ನನ್ನ ಮುಖ ನೋಡಿದಳು. ಅವಳ ಎದುರಿಗೇ ಸಾಹುಕಾರರಿಗೆ ಫೋನು ಹಚ್ಚಿದೆ.

“ಸೊನ್ನಿ ನನ್ನಿಂದ ಆಗ್ಯಾದ್ರಿ, ಆ ಹುಡುಗಿಗಿ ಏನೂ ಅನಬ್ಯಾಡ್ರಿ. ಶಾಲು ವಾಪಸ್ ಬೇಕಾದ್ರ ಕಳಸ್ತೀನಿ.”

ನಾಚಿಕೆಯಾಗುವುದಿಲ್ಲವೇ ಎಂದು ಅವರು ಕೇಳಿದರು. ಹುಡುಗಿಯ ವಿಷಯಕ್ಕೆ ಆಗುತ್ತದೆ, ಹೆಸರಿಟ್ಟದ್ದಕ್ಕೆ ಆಗುವುದಿಲ್ಲ ಎಂದೆ. ಅವರು ಬಹಳ ಹೊತ್ತು ಬೈದರು. ಕೊನೆಗೆ ಸುವರ್ಣಾ ನಾಳೆ ಕೆಲಸಕ್ಕೆ ಬರಲಿ ಎಂದರು. ಶಾಲು ಕೇಳಲಿಲ್ಲ.

ಮರುದಿನ ಶ್ರೀನಿವಾಸ ಹೇಳಿದಂತೆ ಅವಳು ಯಾರ ಹೆಸರೂ ಇಲ್ಲದ ಖಾತೆ ತೆರೆದು ಹೊಸ ಟೋಕನ್ ಮಾಡಿದಳು. ಆ ಕೆಲಸ ಮುಗಿಯುವವರೆಗೆ ಲೆಕ್ಕ ನಿಲ್ಲಬಾರದೆಂದು ನನ್ನ ಹಳೆಯ ಖಾತೆಯನ್ನು ಸಂಜೆಯವರೆಗೆ ಮತ್ತೆ ತೆರೆದಿದ್ದರು. ಅದರ ಟೋಕನ್‌ಗಳಿಗೂ ಜೀವ ಬಂದು, ಮೂರೂರಿನ ಕಂಪ್ಯೂಟರುಗಳಲ್ಲೂ ವೀರಭದ್ರಪ್ಪ ಬಂದು ಹೋಗುತ್ತಿದ್ದ. ಮಧ್ಯಾಹ್ನ ಉಂಡಾದ ಮೇಲೆ ಹೆಂಡತಿ ಎಂದಿನಂತೆ ಚಾಪೆ ಹಾಸಿದಳು. ನಾನು ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯಲ್ಲೇ ಕೂತಿದ್ದೆ. ಪಶ್ಚಾತ್ತಾಪವೇನೋ ಆಗಿತ್ತು, ಆದರೆ ಡ್ಯೂಟಿಯ ಹೊತ್ತಿನಲ್ಲಿ ಮಲಗಿದ ಮನುಷ್ಯ ನಾನಲ್ಲ.