ಗಲ್ಲದಿಂದ ಕೇಳುವ ಗಂಡ

ಲೋಕದ ಗಂಡಸರು ಹೆಂಡತಿಯ ಮಾತನ್ನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಡುತ್ತಾರಂತೆ. ನಮ್ಮ ಮನೆಯವರಿಗೆ ಆ ತೊಂದರೆಯೇ ಇಲ್ಲ. ಅವರು ಕೇಳುವುದು ಗಲ್ಲದಿಂದ!

ನಗಬೇಡಿ. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಇವರ ಎರಡೂ ಕಿವಿ ಸೋರಿ ಸೋರಿ ಮುಚ್ಚಿಹೋಗಿ ವರ್ಷಗಳಾದವು. ಆದರೂ ಮಗ ನೇಯುವಾಗ ಮಗ್ಗದ ಕಟ್ಟಿಗೆಗೆ ಗಲ್ಲ ಒತ್ತಿ, "ಲಾಳಿ ತಾಕಾಕತ್ತೈತಿ, ನೋಡಲೇ" ಎನ್ನುತ್ತಾರೆ. ನೋಡಿದರೆ ಖರೆ! ಮಗ್ಗಕ್ಕೆ ಸಿಕ್ಕ ಗಲ್ಲ ನನಗೆಲ್ಲಿ ಸಿಗಬೇಕು? ಊಟಕ್ಕೆ ಕರೆಯಲು ನಾನು ಕೂಗುವ ಕೂಗಿಗೆ, ಇವತ್ತು ನಮ್ಮಲ್ಲಿ ಯಾವ ಪಲ್ಯ ಎಂದು ಇಡೀ ಓಣಿಗೆ ಗೊತ್ತು. ಗೊತ್ತಿಲ್ಲದವರು ಇವರೊಬ್ಬರೇ.

ಕಿವಿಯೊಳಗೆ ಏನೂ ತುರುಕಬಾರದು, ಆದರೆ ಎಲುಬಿಗೆ ಚೆನ್ನಾಗಿ ಕೇಳುತ್ತದೆ ಎಂದರು ಬಾಗಲಕೋಟೆಯ ಡಾಕ್ಟರು. ಅಲ್ಲೇ ಕಾಲೇಜು ಓದುವ ಮೊಮ್ಮಗಳು ಒಂದು ಹೆಡ್‌ಫೋನು ತಂದಳು. ಕಿವಿಯ ಮುಂದೆ ಗಲ್ಲದ ಎಲುಬಿನ ಮೇಲೆ ಕೂರುತ್ತದೆ, ಪಟ್ಟಿ ತಲೆಯ ಹಿಂದೆ ಸುತ್ತುತ್ತದೆ. ಅದನ್ನು ಹಾಕಿಕೊಂಡೇ ಇವರು ಬನಶಂಕರಿ ಜಾತ್ರೆಗೆ ಬಂದರು. ಚೊಳಚಗುಡ್ಡದ ಬೀಗರು ನನ್ನ ಪಕ್ಕಕ್ಕೆ ಸರಿದು, "ಯಾಕ್ರೀ ಅಕ್ಕಾರ, ಬೀಗರು ಚಾಳೀಸು ಹಿಂದಮುಂದ ಹಾಕ್ಕೊಂಡಾರ?" ಎಂದರು.

"ಹಿಂದ ಯಾರು ಬರಾಕತ್ತಾರ ನೋಡಾಕ್ರೀ" ಎಂದೆ.

ಇವರೋ, ಕಿವಿಯೇ ಹೊಸದಾಯಿತೆಂದು ತಿಳಿದುಬಿಟ್ಟರು. ಫೋನಿನಲ್ಲಿ ಹಚ್ಚಿದ ವಚನ ಕೇಳುತ್ತದೆ, ಎದುರು ಕೂತ ನಾನು ಮಾತ್ರ ಬರೀ ಬಾಯಿ ಆಡಿಸುತ್ತೇನೆ! "ಇದರಾಗ ನಿನ್ನ ದನಿ ಬರವಲ್ದು. ರೀಚಾರ್ಜ್ ಮಾಡಿಸಿಲ್ಲೇನ?" ಎನ್ನಬೇಕೆ?

ಮೊಮ್ಮಗಳು ಬಿದ್ದುಬಿದ್ದು ನಕ್ಕಳು. "ಅದರಾಗ ಫೋನಿಂದಷ್ಟ ಕೇಳತೈತಿ ಅಜ್ಜಿ. ನೀ ಅಡಗಿಮನಿಯಿಂದ ಅಜ್ಜಗ ಫೋನ್ ಹಚ್ಚು."

"ಒಂದ ಮನ್ಯಾಗ ಕುಂತು ಫೋನ? ಮಂದಿ ಏನಂದಾರು?"

"ಈಗೇನ ಮಂದಿಗೆ ಕೇಳಸೂದಿಲ್ಲೇನ?"

ಅದೂ ಖರೆಯೇ. ಫೋನು ಎತ್ತುವ ಗುಂಡಿಯನ್ನು ಅವಳೇ ಅಜ್ಜನಿಗೆ ತೋರಿಸಿಕೊಟ್ಟಳು. ನಾನು ಹಚ್ಚಿ, ರೂಢಿಯಂತೆ ಕೂಗಿದೆ. ಮಗ್ಗದ ಕೋಣೆಯಲ್ಲಿ ಏನೋ ದಡಾರನೆ ಬಿತ್ತು.

"ಒದರಬ್ಯಾಡ! ಮೆಲ್ಲಕ ಮಾತಾಡು, ಕೇಳತೈತಿ" ಎಂದರು ಇವರು.

ಮೆಲ್ಲಗೆ ಮಾತಾಡುವುದು ನನಗೇ ಮರೆತುಹೋಗಿತ್ತು. "ರೊಟ್ಟಿ ಆರತಾವ. ಬರ್ರಿ" ಎಂದೆ.

ಬರಲಿಲ್ಲ! ಬಯ್ಯಲೆಂದೇ ಹೋದೆ. ಮಗನಿಗೆ ಮಗ್ಗ ನಿಲ್ಲಿಸಲು ಹೇಳಿ, ಗಲ್ಲದ ಮೇಲಿನ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದರು, ಥೇಟ್ ಲಾಳಿಯ ಸಪ್ಪಳ ಆಲಿಸುವ ಹಾಗೆ.

"ನಿನ್ನ ದನಿ ಇನ್ನೂ ಹಂಗ ಐತಿ" ಎಂದರು. "ಇನ್ನೊಮ್ಮೆ ಕರಿ."

ಹುಚ್ಚು ಮುದುಕ! ಅಡುಗೆಮನೆಗೆ ಹೋಗಿ ಇನ್ನೊಮ್ಮೆ ಫೋನ್ ಹಚ್ಚಿದೆ. ರೊಟ್ಟಿ ಆರಿದರೆ ಆರಲಿ.