ನೆರಳಿಗೆ ತೆತ್ತ ಬೆಲೆ

ಖರ್ಚಿನ ವಿಷಯದಲ್ಲಿ ನಾನು ಬಂಡೆ! ಆಫೀಸಿನಲ್ಲಿ ಕಂಡವರ ಬಿಲ್ಲುಗಳಿಗೆಲ್ಲ ಕತ್ತರಿ ಹಾಕುವುದೇ ನನ್ನ ಉದ್ಯೋಗ. ಹಾಗಾಗಿ ಕಂಪ್ಯೂಟರ್ ಆಟದ ಚಿತ್ರಗಳನ್ನು ಚೆಂದಗಾಣಿಸುವ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಕೊಳ್ಳಲು ಹೊರಟಾಗ ಹೆಂಡತಿಯ ಮುಂದೆ ಘೋಷಿಸಿಯೇಬಿಟ್ಟೆ.

"ಅರ್ಧ ಸಂಬಳ! ಅದರ ಮೇಲೆ ಒಂದು ಕಾಸೂ ಇಲ್ಲ!"

"ನೋಡೋಣ" ಎಂದಳು.

ಅಂಗಡಿಯವನು ನನ್ನ ಮಿತಿ ಕೇಳಿ ಪುಟ್ಟದೊಂದು ಪೆಟ್ಟಿಗೆ ಮುಂದಿಟ್ಟ.

"ಇದ್ರಲ್ಲಿ ಆಟ ಚೆನ್ನಾಗಿ ಓಡುತ್ತೆ ಸಾರ್. ನೆರಳು ಮಾತ್ರ ಬೀಳಲ್ಲ."

"ಯಾರ ನೆರಳು?"

"ಆಟದೊಳಗಿನ ಮರದ್ದು."

ನೆರಳಿಲ್ಲದ ಮರದಡಿ ಯಾವ ವೀರ ತಾನೇ ಯುದ್ಧ ಮಾಡಿಯಾನು?

"ನೆರಳು ಬೀಳೋದೇ ಕೊಡಪ್ಪ."

"ಇದ್ರಲ್ಲಿ ಬೀಳುತ್ತೆ, ಅಲ್ಲಾಡಲ್ಲ. ಅಲ್ಲಾಡೋದು ಮೇಲಿದೆ. ನೀರಲ್ಲೂ ಕಾಣ್ಬೇಕು ಅಂದ್ರೆ ಇನ್ನೂ ಮೇಲಿದೆ..."

ಅವನು ಏಣಿ ಹತ್ತಿದ, ಬೆಲೆಯೂ ಹತ್ತಿತು. ಕೊನೆಗೆ ಕಾರ್ಡಿಗಾಗಿ ಕಾರ್ಡು ಉಜ್ಜಿದೆ. ಇಡೀ ಸಂಬಳ ಸ್ವಾಹಾ!

ಮನೆಗೆ ತಂದರೆ ಆ ಮಹಾಕಾಯ ಕಂಪ್ಯೂಟರಿನ ಡಬ್ಬದೊಳಗೆ ಹಿಡಿಸಲಿಲ್ಲ. ದೊಡ್ಡ ಡಬ್ಬ ತಂದೆ. ಹಳೆಯ ಪವರ್ ಸಪ್ಲೈ ಅದರ ಹಸಿವಿಗೆ ಸಾಲಲಿಲ್ಲ, ಹೊಸದು ತಂದೆ. ಡಬ್ಬ ಮೇಜಿನಡಿ ತೂರಲಿಲ್ಲ, ಅಡ್ಡಪಟ್ಟಿಯನ್ನೇ ಕೊಯ್ದೆ. ಮೇಜು ಕುಂಟತೊಡಗಿತು.

"ಬಾಲ್ಕನಿಗೆ ನೆರಳಿಗೊಂದು ಪರದೆ ಹಾಕ್ಸಿ ಅಂದ್ರೆ ದುಡ್ಡಿಲ್ಲ ಅಂದ್ರಿ. ಆಟದ ಮರದ ನೆರಳಿಗೆ ಇಷ್ಟು ಸುರಿದ್ರಾ?" ಎಂದಳು ಹೆಂಡತಿ.

"ವೈಭವ ನೋಡಿ ಆಮೇಲೆ ಮಾತಾಡು!"

ಆಟ ಶುರುವಾಯಿತು. ನಾನು ಮೈಮರೆತೆ.

"ನೋಡೇ, ಎಲೆ ಎಲೆಯೂ ಬೇರೆ ಬೇರೆ! ನೀರಲ್ಲಿ ಮೋಡ ತೇಲ್ತಿದೆ! ಇಷ್ಟು ದಿನ ನಾನು ಕುರುಡನಾಗಿದ್ದೆ ಕಣೇ!"

ಅವಳು ಮೇಜಿನ ಕುಂಟುಗಾಲಿಗೆ ರಟ್ಟು ತುರುಕಲು ಬಗ್ಗಿದಳು. ಅಲ್ಲಿಂದಲೇ ಕೇಳಿದಳು.

"ರೀ, ಮಾನಿಟರ್ ವೈರು ಎಲ್ಲಿಗೆ ಸಿಕ್ಕಿಸಿದ್ರಿ?"

"ಮೊದಲು ಎಲ್ಲಿತ್ತೋ ಅಲ್ಲಿಗೇ."

"ಹೊಸ ಕಾರ್ಡಿನ ತೂತೆಲ್ಲ ಖಾಲಿ ಇದೆಯಲ್ರೀ!"

ಬಗ್ಗಿ ನೋಡಿದೆ. ನಿಜ. ಹೊಸ ಕಾರ್ಡಿಗೆ ಸಿಕ್ಕಿಸಬೇಕಿದ್ದ ವೈರು ಹಳೆಯ ತೂತಿನಲ್ಲೇ ಇತ್ತು. ನನ್ನ ಒಂದು ತಿಂಗಳ ದುಡಿಮೆ ಸುಮ್ಮನೆ ಫ್ಯಾನು ತಿರುಗಿಸಿಕೊಂಡು ತಣ್ಣಗೆ ಕೂತಿತ್ತು. ಇಷ್ಟು ಹೊತ್ತು ನಾನು ಹಾಡಿ ಹೊಗಳಿದ್ದು ಕಾರ್ಡೇ ಇಲ್ಲದ ಹಳೆಯ ಚಿತ್ರವನ್ನು!

ವೈರಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವಳು ಅಂಗಡಿಗೆ ಫೋನು ಹಚ್ಚಿಯಾಗಿತ್ತು.

"ಹಲೋ, ಆ ಕಾರ್ಡು ವಾಪಸ್ ತಗೋತೀರಾ?... ಇಲ್ಲಪ್ಪ, ಕೆಟ್ಟಿಲ್ಲ. ನಮ್ಮನೆಯವ್ರಿಗೆ ಅದಿಲ್ದೇನೇ ಎಲ್ಲಾ ಕಾಣುತ್ತೆ!"